ಹಲ್ಲಿಯೇ ಹೇಳಿದ ಮೇಲೆ

ನಮ್ಮತ್ತೆಯವರ ಮಾತಿಗೆ ಸಾಕ್ಷಿ ನುಡಿಯಲೆಂದೇ ಅಡುಗೆಮನೆಯ ಟ್ಯೂಬ್‌ಲೈಟ್ ಹಿಂದೆ ಒಂದು ಹಲ್ಲಿ ಇದೆ. "ಮೂಲೆಮನೆಯವರು ಸೈಟು ಮಾರೇ ಮಾರ್ತಾರೆ, ಬರೆದಿಟ್ಕೋ" ಎನ್ನುವ ಹೊತ್ತಿಗೆ ಅದು ಲೊಚಗುಟ್ಟಿತೋ, ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ! ಕೇಳಿಸ್ತೇನೇ?" ಎನ್ನುತ್ತಾರೆ. ಅದೇ ಹಲ್ಲಿ ಮಾವನವರ ಮಾತಿನ ನಡುವೆ ಲೊಚಗುಟ್ಟಿದರೆ, "ಈ ಅನಿಷ್ಟಕ್ಕೆ ಹೊತ್ತುಗೊತ್ತಿಲ್ಲ, ಪೊರಕೆ ತಾ." ಹಲ್ಲಿ ಸುಮ್ಮನಿದ್ದಾಗ ನಿಜವಾದ ಮಾತೆಷ್ಟು, ಲೊಚಗುಟ್ಟಿಯೂ ಸುಳ್ಳಾದದ್ದೆಷ್ಟು, ಲೆಕ್ಕ ಇಟ್ಟವರಿಲ್ಲ. ಪಂಚಾಂಗದಲ್ಲೂ ಅಷ್ಟೆ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂದು ತಲೆಯಿಂದ ಪಾದದವರೆಗೆ ಪಟ್ಟಿಯಿದೆ. ಬಿದ್ದೂ ಏನೂ ಆಗದವರಿಗೆ ಅದರಲ್ಲಿ ಜಾಗವಿಲ್ಲ.

ತನ್ನ ಮಾತಿಗೆ ಒಪ್ಪುವುದನ್ನಷ್ಟೇ ನೋಡುವ ಈ ಚಾಳಿಯನ್ನೇ ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವಾಸನ್ ಹಲ್ಲಿಯ ನೆರವಿಲ್ಲದೆ ತೋರಿಸಿದ. ಅವನ 1960ರ ಪ್ರಯೋಗವನ್ನು ಅತ್ತೆಯವರು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ಅವರ ಮೇಲೂ ಮಾಡಿದೆ.

"2, 4, 6. ಇದಕ್ಕೊಂದು ನಿಯಮ ಇದೆ ಅತ್ತೆ. ನೀವು ಬೇರೆ ಮೂರು ಸಂಖ್ಯೆ ಹೇಳಿ, ಹೊಂದುತ್ತೋ ಇಲ್ವೋ ಹೇಳ್ತೀನಿ."

"8, 10, 12."

"ಹೊಂದುತ್ತೆ."

"20, 22, 24."

"ಹೊಂದುತ್ತೆ."

"ಎರಡೆರಡು ಏರ್ತಾ ಹೋಗೋದು. ಇದೂ ಒಂದು ಲೆಕ್ಕವಾ?"

ಅಲ್ಲ. ಒಂದಕ್ಕಿಂತ ಒಂದು ದೊಡ್ಡದಿದ್ದರೆ ಸಾಕು. ವಾಸನ್‌ನ ಎದುರು ಕೂತ ಕಾಲೇಜು ವಿದ್ಯಾರ್ಥಿಗಳಲ್ಲೂ ಬಹಳ ಮಂದಿ ಎಡವಿದ್ದು ಇಲ್ಲೇ. "1, 7, 500 ಅಂತ ಕೇಳಿ ನೋಡಬಹುದಿತ್ತಲ್ಲ ಅತ್ತೆ?"

"ತಪ್ಪು ಅಂತ ಗೊತ್ತಿರೋದನ್ನ ಯಾಕೆ ಕೇಳ್ಲಿ?"

ವಾಸನ್ ಪುಟಗಟ್ಟಲೆ ಬರೆದದ್ದನ್ನು ಅವರು ಒಂದು ಹುರುಳಿಕಾಯಿ ಮುರಿಯುವಷ್ಟರಲ್ಲಿ ಹೇಳಿ ಮುಗಿಸಿದರು.

ಇನ್ನೊಂದು ಅಧ್ಯಯನವೂ ಇದೆ: ಎಮಿಲಿ ಪ್ರೊನಿನ್ ಮತ್ತು ಸಂಗಡಿಗರದು, 2002ರದು. ಇಂಥ ಪೂರ್ವಗ್ರಹ ಊರವರಿಗೆಲ್ಲ ಇದೆ, ತಮಗೆ ಮಾತ್ರ ಅಷ್ಟಿಲ್ಲ ಎಂದು ಜನ ನಂಬುತ್ತಾರಂತೆ. ಅದರ ಸಾರಾಂಶ ಬರೆದು ಮಾವನವರಿಗೆ ಕೊಟ್ಟೆ. ಅವರು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು ಅತ್ತೆಯ ಮುಂದೆ ಹಿಡಿದರು. ಅತ್ತೆ ಕನ್ನಡಕವನ್ನೂ ಹಾಕಿಕೊಳ್ಳದೆ, "ನಿಮಗೇ ಬರೆದಿರೋದು, ನೀವೇ ಓದ್ಕೊಳ್ಳಿ" ಎಂದು ವಾಪಸು ತಳ್ಳಿದರು.

ಈ ಇಬ್ಬರ ನಡುವೆ ಏನನ್ನೂ ತೂಗಿ ನೋಡುವವಳು ನಾನೊಬ್ಬಳೇ ಎಂದು ಯಜಮಾನರಿಗೆ ಹೇಳಿದೆ. ಅವರು ಪೇಪರಿನ ಹಿಂದಿನಿಂದ ತಲೆಯನ್ನೂ ಎತ್ತಲಿಲ್ಲ. ಮೌನಂ ಸಮ್ಮತಿ ಲಕ್ಷಣಂ.