ಚಾವಿ ತಿರುಗವಲ್ದು ನೋಡ್ರಿ

ನಮ್ಮ ವಿಜಯಪುರ ಜಿಲ್ಲೆಯ ಕಡೆ ಮನುಷ್ಯ ಎಚ್ಚರ ತಪ್ಪಿ ಬಿದ್ದರೆ ನೀರು ತರಲು ಒಬ್ಬರು ಓಡಬಹುದು, ಬಹಳವಾದರೆ ಇಬ್ಬರು. ಆದರೆ ಹಳೇ ಅಂಬಾಸಿಡರ್ ಕಾರಿನ ಚಾವಿ ಸಿಕ್ಕಿಬಿದ್ದಿದೆ ಎಂದು ಗೊತ್ತಾದರೆ ಸಂತೆಗೆ ಸಂತೆಯೇ ಅಂಗಡಿ ಕಟ್ಟಿಟ್ಟು ಬರುತ್ತದೆ. ಹಾಗೆ ಬಂದವರಲ್ಲಿ ಕಾರು ಇದ್ದವರು ಕಡಿಮೆ, ಓಡಿಸಿದವರು ಇನ್ನೂ ಕಡಿಮೆ, ಸಲಹೆ ಇಲ್ಲದವರು ಮಾತ್ರ ಒಬ್ಬರೂ ಇಲ್ಲ.

ಇಂಡಿ ಊರಿನ ನಮ್ಮ ಕಾಕಾ ಸಾಕಿಕೊಂಡಿರುವುದು ಅಂಥದೇ ಒಂದು ಬಿಳಿ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1957–58ರ ಸುಮಾರಿಗೆ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ವರ್ಷ ನವೆಂಬರ್ 1ಕ್ಕೆ ಬಿಜಾಪುರವೂ ವಿಜಯಪುರವಾಯಿತು. "ಗಾಡಿ ಹೋತು, ಊರ ಹೆಸರೂ ಹೋತು, ಇನ್ನ ನಾ ಒಬ್ಬಾಂವ ಉಳದೀನಿ" ಎಂದು ಕಾಕಾ ಎರಡನ್ನೂ ಒಂದೇ ಖಾತೆಗೆ ಬರೆದುಕೊಂಡಿದ್ದಾರೆ. ಮನೆಯವರು ಮಾರೋಣ ಎಂದರೆ ಸಾಕು, ಆ ಹೊತ್ತಿನ ಊಟ ಬಿಡುತ್ತಾರೆ.

ಚಾವಿಯ ಕತೆ ಹೇಳುವ ಮೊದಲು ಕಾಕಾನ ಚಾವಿಗೊಂಚಲನ್ನು ನೀವು ನೋಡಬೇಕು. ತಿಜೋರಿಯದು, ಪಂಪ್‌ಸೆಟ್ಟಿನ ಪೆಟ್ಟಿಗೆಯದು, ಕಾಳಿನ ಕೋಣೆಯದು, ಯಾರಿಗೂ ಗೊತ್ತಿಲ್ಲದ ಎರಡು ತುಕ್ಕು ಹಿಡಿದವು, ಕಿವಿ ಕೆರೆಯುವ ಹಿತ್ತಾಳೆ ಕಡ್ಡಿ, ಉಗುರು ಕತ್ತರಿಸುವ ಯಂತ್ರ, ಮೇಲೆ ಒಂದು ಸಣ್ಣ ಗಂಟೆ. ಇಷ್ಟೂ ಕಾರಿನ ಚಾವಿಗೆ ಜೋತುಬಿದ್ದಿರುತ್ತವೆ. ಎರಿ ಹೊಲದ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಆ ಸಂಸಾರದ ಭಾರವೆಲ್ಲ ಕೆಳಗೆ ಜಗ್ಗಿ, ಒಳಗಿನ ಕೀಲಿಯನ್ನು ಒಂದೇ ಕಡೆ ಸವೆಸುತ್ತದೆ. ಹೇಳಿದರೆ "ಗಂಟಿ ಸಪ್ಪಳಕ್ಕ ದನ ಬಾಜೂ ಸರೀತಾವ" ಎನ್ನುತ್ತಾರೆ. ಹಾರ್ನು ಕೆಟ್ಟು ಎಷ್ಟು ಕಾಲವಾಯಿತೋ!

ಹೋದ ಸುಗ್ಗಿಯಲ್ಲಿ ಮಗನ ಮದುವೆ. ಹೆಣ್ಣಿನ ಕಡೆಯವರು ಮುದ್ದೇಬಿಹಾಳದವರು. ಮದುಮಗ ಅಂಬಾಸಿಡರಿನಲ್ಲೇ ಹೋಗಬೇಕೆಂದು ಕಾಕಾನ ಹಟ. ದಾರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ಬಸವಣ್ಣನಿಗೆ ಕಾಯಿ ಒಡೆಸಿ, ಚಾ ಕುಡಿದು, ಬಂದು ಚಾವಿ ಹಾಕಿದರೆ ತಿರುಗವಲ್ದು. ಹಗೂರ ತಿರುಗಿಸಿದರು, ಜೋರಾಗಿ ತಿರುಗಿಸಿದರು, ದೇವರ ಹೆಸರು ಹೇಳಿ ತಿರುಗಿಸಿದರು. ಬಾಸಿಂಗ ಕಟ್ಟಿಕೊಂಡ ಮದುಮಗ ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದ.

ಮಂದಿ ನೆರೆಯಿತು. ಇಂಡಿಯಿಂದ ಬಂದ ದಿಬ್ಬಣದವರ ಮೊದಲ ಮದ್ದು ಲಿಂಬೆಹಣ್ಣು. ಲಿಂಬೆ ಅಭಿವೃದ್ಧಿ ಮಂಡಳಿಯನ್ನೇ ಇಟ್ಟುಕೊಂಡ ಊರು, ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಕೇಳಬೇಕೇ? "ಹುಳಿ ಬಿದ್ರ ಹಿತ್ತಾಳಿ ಫಳಫಳ ಅಂತೈತಿ, ಎರಡ ಹನಿ ಹಿಂಡ್ರಿ." ಫಳಫಳ ಎನ್ನುವುದು ನಿಜ, ರಸ ಒಣಗಿ ಅಂಟಾಗಿ, ಧೂಳು ಕೂತು, ಮರುದಿನ ಚಾವಿ ಒಳಗೂ ಹೋಗುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಬಸ್ ಇಳಿದು ಬಂದ ಸಿಂದಗಿಯ ಗೃಹಸ್ಥರೊಬ್ಬರು ಚೀಲದಿಂದ ಪಕ್ಕಡವನ್ನೇ ತೆಗೆದರು. ಮದುವೆ ಸೀಸನ್ನಿನಲ್ಲಿ ಪಕ್ಕಡ ಹಿಡಿದು ಯಾಕೆ ಓಡಾಡುತ್ತಿದ್ದರು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಪಕ್ಕಡ ಹಾಕಿ ತಿರುವಿದರೆ ಚಾವಿ ಖಂಡಿತ ತಿರುಗುತ್ತದೆ, ಅರ್ಧ ಮಾತ್ರ. ಉಳಿದರ್ಧ ಒಳಗೇ ಕೂರುತ್ತದೆ. ಕೊಬ್ರಿ ಎಣ್ಣೆ, ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ ಎಂದು ಇನ್ನೂ ಹತ್ತು ಎಣ್ಣೆಗಳ ಹೆಸರು ಗಾಳಿಯಲ್ಲಿ ತೇಲಿದವು. ಹಚ್ಚಿದ್ದರೆ ನಮ್ಮ ಕಡೆಯ ಎರಿ ಮಣ್ಣಿನ ಧೂಳು ಅದರೊಳಗೆ ಕಲಸಿ ಹೋಗಿ ಕೀಲಿಯ ಕತೆ ಮುಗಿಯುತ್ತಿತ್ತು.

ಇಷ್ಟರಲ್ಲಿ ಬೆಂಗಳೂರಿನ ಅಳಿಯನ ಫೋನು. ಮೊಬೈಲಿನಲ್ಲಿ ಅಮೆರಿಕದ ಯಾವುದೋ ವಿಡಿಯೊ ನೋಡಿ ಉಪಾಯ ಹುಡುಕಿದ್ದ.

"ಮಾವಾರ, ಗೇರು ಪಾರ್ಕಿಗೆ ಹಾಕ್ರಿ, ತಾನ ಬಿಡತೈತಿ."

"ಪಾರ್ಕು ಗೋಳಗುಮ್ಮಟದ ಬಾಜೂಕ ಐತಲೊ, ಇಲ್ಲಿಗಿ ಎಲ್ಲಿಂದ ತರ್ಲಿ?"

ಆಟೊಮ್ಯಾಟಿಕ್ ಗಾಡಿಗಳ ಉಪಾಯ ಅದು. ಕೈಗೇರಿನ ಅಂಬಾಸಿಡರಿಗೆ ಅದರ ಗಂಧವೂ ಇಲ್ಲ.

ಬೀಗರ ಫೋನು ಇದಕ್ಕಿಂತ ಕೆಟ್ಟದು. "ಏನೂ ಚಿಂತಿ ಮಾಡಬ್ಯಾಡ್ರಿ, ನಮ್ಮ ಸ್ಕಾರ್ಪಿಯೊ ಕಳಿಸಿಕೊಡ್ತೀವಿ." ಕಾಕಾ ಫೋನು ಇಟ್ಟು ಬಹಳ ಹೊತ್ತು ಯಾರೊಂದಿಗೂ ಮಾತಾಡಲಿಲ್ಲ.

ಕೊನೆಗೆ ಬಂದವನು ಬಾಗೇವಾಡಿಯ ಒಬ್ಬ ಮಿಸ್ತ್ರಿ. ಕಾಯಕದ ಊರಿನವನು, ಮಾತಿಗಿಂತ ಮೊದಲು ಕಣ್ಣು ಓಡಿಸಿದ. ನೋಡಿದ್ದು ಚಾವಿಯನ್ನಲ್ಲ, ಮುಂದಿನ ಗಾಲಿಯನ್ನು. ಅದು ಸೊಟ್ಟಗೆ ತಿರುಗಿ ಫುಟ್‌ಪಾತಿನ ಕಲ್ಲಿಗೆ ಒತ್ತಿಕೊಂಡು ನಿಂತಿತ್ತು. ಕಾಕಾನ ಗಾಡಿಗೆ ಸ್ಟೇರಿಂಗ್ ಲಾಕ್ ಇದೆ. ಚಾವಿ ತೆಗೆದರೆ ಒಳಗಿನ ಕಬ್ಬಿಣದ ಗೂಟವೊಂದು ಸ್ಟೇರಿಂಗ್ ಕಂಬದ ಕಚ್ಚಿನಲ್ಲಿ ಹೋಗಿ ಕೂರುತ್ತದೆ. ಗಾಲಿ ಒಂದು ಕಡೆ ಒತ್ತುತ್ತಿದ್ದರೆ ಆ ಗೂಟದ ಮೇಲೆ ಭಾರ ಬೀಳುತ್ತದೆ. ಹೊರಗಿನಿಂದ ಎಮ್ಮೆ ಆತು ನಿಂತ ಬಾಗಿಲಿನ ಅಗಳಿ ಎಷ್ಟು ಜಗ್ಗಿದರೂ ಸರಿಯದ ಹಾಗೆ. ಅಗಳಿಯ ಮೇಲೆ ಸಿಟ್ಟು ಮಾಡಿ ಏನು ಬಂತು, ಎಮ್ಮೆ ಸರಿಸಬೇಕು. ಮಿಸ್ತ್ರಿ ಎಡಗೈಯಲ್ಲಿ ಸ್ಟೇರಿಂಗನ್ನು ಆಚೆ ಈಚೆ ತುಸು ಅಲ್ಲಾಡಿಸುತ್ತ, ಬಲಗೈಯ ಎರಡು ಬೆರಳಲ್ಲಿ ಚಾವಿ ತಿರುಗಿಸಿದ. ಟಕ್ ಅಂತು.

ಲಿಂಬೆಯವರು ಲಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡರು. ಸಿಂದಗಿಯವರು ಮಾತ್ರ ಪಕ್ಕಡ ಮಡಚದೆ, "ಇರ್ಲಿ, ಮುಂದ ಬೇಕಾಗ್ತೈತಿ" ಎಂದರು.

ಚಾವಿ ಮತ್ತೆ ಹಟ ಮಾಡೀತು ಎಂಬ ಮಟ್ಟಿಗೆ ಅವರ ಮಾತು ಪೂರ್ತಿ ಸುಳ್ಳೇನಲ್ಲ ಬಿಡಿ. ಸ್ಟೇರಿಂಗ್ ಅಲ್ಲಾಡಿಸಿದರೂ ತಿರುಗದಿದ್ದರೆ, ಅಥವಾ ಡ್ಯಾಶ್‌ಬೋರ್ಡಿನಲ್ಲೇ ಚಾವಿ ಇರುವ ಇನ್ನೂ ಹಳೇ ಗಾಡಿಯಾಗಿದ್ದರೆ, ತಕರಾರು ಕೀಲಿಯ ಒಳಗಿನದು. ಅಲ್ಲಿ ಹಿತ್ತಾಳೆಯ ತೆಳು ಬಿಲ್ಲೆಗಳು ಸಾಲಾಗಿ ಇರುತ್ತವೆ, ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ಸ್ಪ್ರಿಂಗು. ಚಾವಿಯ ಹಲ್ಲು ಪ್ರತಿ ಬಿಲ್ಲೆಯನ್ನೂ ಒಂದೇ ಮಟ್ಟಕ್ಕೆ ತಂದರೆ ಕೀಲಿ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಧೂಳಿಗೆ ಹತ್ತಿ ಮೇಲೆಯೇ ನಿಂತರೂ ತಿರುಗದು. ಅದಕ್ಕೆ ಬೇಕಾದದ್ದು ಎಣ್ಣೆಯಲ್ಲ, ಒಣ ಗ್ರಾಫೈಟ್ ಪುಡಿ. ಅದಕ್ಕಾಗಿ ಸೊಲ್ಲಾಪುರಕ್ಕೆ ಓಡಬೇಕಿಲ್ಲ. ಮಕ್ಕಳ ಪಾಟಿಚೀಲದ ಪೆನ್ಸಿಲ್ಲನ್ನು ಚಾವಿಯ ಎರಡೂ ಮಗ್ಗುಲಿಗೆ ತಿಕ್ಕಿ, ನಾಲ್ಕು ಸಲ ಹಾಕಿ ತೆಗೆದರೆ ಎಷ್ಟೋ ಸಲ ದಾರಿಗೆ ಬರುತ್ತದೆ.

ಬಾರದಿದ್ದರೆ ಕಪಾಟಿನಲ್ಲಿರುವ ಇನ್ನೊಂದು ಚಾವಿ ಹಾಕಿ ನೋಡಬೇಕು. ಅದು ತಿರುಗಿದರೆ ತಪ್ಪು ಹಳೇ ಚಾವಿಯದು, ಹಲ್ಲು ಸವೆದಿದೆ. ಆಗ ನಮ್ಮವರು ಮಾಡುವುದು ಇನ್ನೂ ಚೆಂದ: ಆ ಸವೆದ ಚಾವಿಯನ್ನೇ ಗಿಡದ ನೆರಳಲ್ಲಿ ಕೂತ ಚಾವಿಯವನ ಕೈಗೆ ಕೊಟ್ಟು "ಇದರಂಗ ಇನ್ನೊಂದ ಮಾಡು" ಎನ್ನುತ್ತಾರೆ. ಅವನು ನಿಯತ್ತಿನ ಮನುಷ್ಯ, ಸವಕಲನ್ನೂ ಬಿಡದೆ ಹಾಗೇ ಅರ ಹಾಕಿ ಕೊಡುತ್ತಾನೆ. ಕೊಡಬೇಕಾದದ್ದು ಕಪಾಟಿನದನ್ನು.

ಇನ್ನೊಂದು ಮಾತು. ಇಳಿಜಾರು ಬಂದ ಕೂಡಲೇ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸುವ ಕಂಜೂಸರು ನಮ್ಮಲ್ಲಿದ್ದಾರೆ. ಸ್ಟೇರಿಂಗ್ ಲಾಕ್ ಇದ್ದ ಗಾಡಿಯಲ್ಲಿ ಓಡುವಾಗ ಚಾವಿ ಪೂರ್ತಿ ಹಿಂದೆ ತಿರುಗಿ ಹೊರಗೆ ಬಂದರೆ ಸ್ಟೇರಿಂಗು ಅಲ್ಲೇ ಬಿಗಿಯುತ್ತದೆ, ಆಮೇಲೆ ದಾರಿ ಎತ್ತ ತಿರುಗಿದರೂ ಗಾಡಿ ನೆಟ್ಟಗೆ ಹೋಗುತ್ತದೆ.

ದಿಬ್ಬಣ ಮುದ್ದೇಬಿಹಾಳ ಮುಟ್ಟಿತು. ವಾಲಗ ಊದಿದರು, ಆರತಿ ಎತ್ತಿದರು, ಮದುಮಗ ಇಳಿದ. ಕಾಕಾ ಮಾತ್ರ ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ. ಆರಿಸಿ ಮತ್ತೆ ತಿರುಗದಿದ್ದರೆ? ಅಕ್ಷತೆ ಬಿದ್ದಿತು, ಗಾಡಿ ಮಂಟಪದ ಮುಂದೆ ಗುರ್ರ್ ಎನ್ನುತ್ತಲೇ ಇತ್ತು. ಊಟದ ಹೊತ್ತಿಗೆ ಬೀಗರೇ ಹೋಳಿಗೆಯ ತಾಟು ಹಿಡಿದು ಕಿಟಕಿಯ ಬಳಿ ಬಂದರು.

"ಬೀಗರ, ಎಷ್ಟೊತ್ತು ಪೆಟ್ರೋಲ್ ಸುಡ್ತೀರಿ? ಆರಿಸಿ ಒಳಗ ಬರ್ರೆಲ."

ಕಾಕಾ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು. "ಆರಿಸ್ತೀನ್ರಿ. ಮೊದಲ ನಿಮ್ಮ ಸ್ಕಾರ್ಪಿಯೊ ಇಲ್ಲೇ ಬಾಜೂಕ ತಂದ ನಿಲ್ಸ್ರಿ."