ಲಾಯರ್ ಸಾಹೇಬ್ರೇ, ಒಂದ್ನಿಮಿಷ

ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಯಾವ ನ್ಯಾಯಮೂರ್ತಿಗಳು ಏನೇ ಹೇಳಲಿ, ಮಾರನೆಯ ಬೆಳಿಗ್ಗೆ ನಮ್ಮೂರಲ್ಲಿ ಅದಕ್ಕೆ ಜವಾಬು ಹೇಳಬೇಕಾದವನು ನಾನು. ಪೇಪರಿನ ಕಟ್ಟು ಮೊದಲನೇ ಬಸ್ಸಿನಲ್ಲಿ ಬಂದಿಳಿಯುತ್ತದೆ. ಹೋಟೆಲಿನಲ್ಲಿ ಮೊದಲನೇ ಒಬ್ಬೆ ಇಡ್ಲಿ ಇಳಿಯುವ ಹೊತ್ತಿಗೆ ಮುಖಪುಟ ಒಬ್ಬರ ಕೈಯಲ್ಲಿ, ಒಳಪುಟ ಇನ್ನೊಬ್ಬರ ಕೈಯಲ್ಲಿ, ಕ್ರೀಡಾಪುಟ ಸಾಂಬಾರಿನಲ್ಲಿ. ಕರಿಕೋಟನ್ನು ಮುಂಗೈ ಮೇಲೆ ಹಾಕಿಕೊಂಡು ನಾನು ಒಳಗೆ ಕಾಲಿಟ್ಟರೆ ಸಾಕು, "ಏನ್ ಸಾರ್, ನಿಮ್ಮ ಕೋರ್ಟು ಹಿಂಗ್ ಮಾಡ್ಬಿಡ್ತು?" ಎಂದು ಶುರುವಾಗುತ್ತದೆ. ನಾನು ತಾಲ್ಲೂಕು ಕೋರ್ಟಿನ ವಕೀಲ. ನಮ್ಮ ಕೋರ್ಟು ಆ ವಾರ ಮಾಡಿದ್ದೆಂದರೆ, ಎರಡು ತೆಂಗಿನಮರ ಯಾರ ಬದುವಿನಲ್ಲಿವೆ ಎಂದು ನೋಡಿಕೊಂಡು ಬರಲು ಕಮಿಷನರನ್ನು ನೇಮಿಸಿದ್ದು.

ನಮ್ಮದು ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆ. ಕೊಬ್ಬರಿಗೆ ಬೆಲೆ ಬಂದ ವರ್ಷ ಬದುವಿಗೂ ಬೆಲೆ ಬರುತ್ತದೆ, ಬದುವಿಗೆ ಬೆಲೆ ಬಂದರೆ ವಕೀಲನಿಗೆ ಒಂದಿಷ್ಟು ಬರುತ್ತದೆ. ಹಾಗಾಗಿ ಜನ ಕೇಳುವುದನ್ನು ಬೇಡ ಎನ್ನುವ ಸ್ಥಿತಿಯಲ್ಲಿ ನಾನಿಲ್ಲ.

2024ರ ಅಕ್ಟೋಬರಿನಲ್ಲಿ ನ್ಯಾಯದೇವತೆ ಕಣ್ಣು ಬಿಟ್ಟಳು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಲೈಬ್ರರಿಯಲ್ಲಿ ಹೊಸ ವಿಗ್ರಹ. ಕಣ್ಣಿಗೆ ಪಟ್ಟಿಯಿಲ್ಲ, ಕತ್ತಿ ಹಿಡಿಯುತ್ತಿದ್ದ ಕೈಯಲ್ಲಿ ಸಂವಿಧಾನ. ಸುದ್ದಿ ಬಂದ ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ನನ್ನೆದುರಿನ ಕುರ್ಚಿ ಎಳೆದುಕೊಂಡರು. ಅವರದೊಂದು ಬದುವಿನ ದಾವೆಯಿದೆ. ಹೂಡಿದಾಗ ಅವರಿಗೆ ಸರ್ವಿಸ್ ಬಾಕಿಯಿತ್ತು, ಈಗ ಪಿಂಚಣಿಯೇ ಹಳತಾಗಿದೆ.

"ಕಣ್ಣು ಬಿಟ್ಲಂತಲ್ಲ?"

"ಹೌದು ಮೇಷ್ಟ್ರೇ."

"ಕೈಗೆ ಪುಸ್ತಕ ಬೇರೆ ಕೊಟ್ಟಿದಾರಂತೆ."

"ಸಂವಿಧಾನ."

"ಕತ್ತಿ ಕಿತ್ಕೊಂಡು, ಪುಸ್ತಕ ಕೊಟ್ಟು, ಕಣ್ಣು ಬಿಡಿಸಿ ಲೈಬ್ರರೀಲಿ ನಿಲ್ಸಿದಾರೆ. ಅಂದ್ರೆ ಮೇಷ್ಟ್ರ ಕೆಲಸಕ್ಕೆ ಬಂದ್ಲು ಅನ್ನಿ. ಇನ್ನು ನನ್ನ ಕೇಸು ಮುಗಿದಂಗೇ."

ಮುಗಿದಂಗೇ ಎಂದದ್ದು ಆಸೆಯಿಂದಲೋ ಆಸೆ ಬಿಟ್ಟೋ ತಿಳಿಯಲಿಲ್ಲ. ಕಾಫಿ ಬಿಲ್ಲನ್ನು ಮಾತ್ರ ನನ್ನ ಕಡೆಗೆ ಸರಿಸಿದರು.

ಈ ಹೋಟೆಲಿನ ಬೆಂಚಿನ ಮೇಲೆ ಕೂತು ನಾನು ಕಂಡುಕೊಂಡಿದ್ದು ಇಷ್ಟು: ಕಾನೂನಿನ ಸುದ್ದಿಯನ್ನು ಯಾರೂ ತನಗೆಂದು ಓದುವುದಿಲ್ಲ, ಪಕ್ಕದ ಮನೆಯವನಿಗೆಂದು ಓದುತ್ತಾರೆ. ಜೀವನಾಂಶದ ತೀರ್ಪು ಬಂದರೆ ಅದು ಭಾವಮೈದುನನಿಗೆ, ಒತ್ತುವರಿಯ ತೀರ್ಪು ಬಂದರೆ ಅದು ದಾಯಾದಿಗೆ. ರಿಯಾಯಿತಿ ಬಂದರೆ ಮಾತ್ರ ತನಗೆ. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡದ ಬಾಕಿಗೆ ಸರ್ಕಾರ ಅರ್ಧಕ್ಕರ್ಧ ವಿನಾಯಿತಿ ಕೊಟ್ಟಾಗ ನನ್ನ ಕಕ್ಷಿದಾರನೊಬ್ಬ ಓಡೋಡಿ ಬಂದ: "ಸಾರ್, ಚೆಕ್ ಬೌನ್ಸಿಗೂ ಆಫರ್ ಬಿಡ್ತಾರಾ?"

ಆದರೆ ಸುದ್ದಿ ನೇರವಾಗಿ ನನ್ನ ಹೊಟ್ಟೆಗೇ ಹೊಡೆದದ್ದು 2024ರ ಜುಲೈ 1ರಂದು. 1860ರ ಪೀನಲ್ ಕೋಡ್ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕ್ರಿಮಿನಲ್ ಪ್ರೊಸೀಜರ್ ಕೋಡಿನ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, 1872ರ ಎವಿಡೆನ್ಸ್ ಆಕ್ಟಿನ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಅಪರಾಧಗಳು ಹೆಚ್ಚುಕಡಿಮೆ ಅವೇ. ಮನೆ ಬದಲಿಲ್ಲ, ಬಾಗಿಲ ಮೇಲಿನ ನಂಬರು ಬದಲು. ನಮ್ಮ ಕಸುಬಿನವರಿಗೆ ಗೊತ್ತಿದ್ದದ್ದು ನಂಬರೇ.

ನಮ್ಮ ಕಡೆ ಜನ ಹೇಗೆ ಬೇಕಾದರೂ ಹೊಡೆದಾಡಿಕೊಂಡಿರಲಿ, ದೂರಿನಲ್ಲಿ ಅದು ಒಂದೇ ಕ್ರಮದಲ್ಲಿ ಇಳಿಯುತ್ತದೆ: ಏಕಾಏಕಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ. ಮೊದಲು ಹೊಡೆದು ಆಮೇಲೆ ಬೈದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎಫ್‌ಐಆರಿನಲ್ಲಿ ಕಂಡಿಲ್ಲ. ಇದಕ್ಕೆ 504, 323, 506 ರೆ/ವಿ 34 ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಈಗ ಅದೇ ಬೈಗುಳ 352, ಅದೇ ಏಟು 115(2), ಅದೇ ಬೆದರಿಕೆ 351(2). ಒಂದೇ ಉದ್ದೇಶದಿಂದ ಜೊತೆಗೂಡಿದವರ 34 ಹೋಗಿ 3(5) ಆಗಿದೆ. ಹಾಗೆಂದು ಹಳೆಯ ಪುಸ್ತಕವನ್ನು ಗುಜರಿಗೆ ಹಾಕುವಂತಿಲ್ಲ. ಜೂನ್ 30ರ ರಾತ್ರಿ ಹನ್ನೊಂದೂವರೆಗೆ ಬಿದ್ದ ಏಟು ಹಳೇ ಕಾನೂನಿಗೆ, ಹನ್ನೆರಡೂವರೆಗೆ ಬಿದ್ದ ಏಟು ಹೊಸದಕ್ಕೆ. ಅಣ್ಣ ಹೊಡೆದು, ತಮ್ಮ ಎದ್ದು ಪಂಚೆ ಕಟ್ಟಿಕೊಂಡು ತಿರುಗಿ ಹೊಡೆಯುವಷ್ಟರಲ್ಲಿ ಒಂದೂವರೆ ಶತಮಾನ ದಾಟಿರುತ್ತದೆ.

ಹೊಸ ಸಂಹಿತೆಯಲ್ಲಿ ಇರುವುದೇ 358 ಕಲಂ. ಅಂದಮೇಲೆ ಫೋರ್‌ಟ್ವೆಂಟಿಗೆ ನಿಲ್ಲಲೂ ಜಾಗವಿಲ್ಲ, ಪಾಪ, 318(4)ರಲ್ಲಿ ಹೋಗಿ ಸೇರಿಕೊಂಡಿದೆ. ಕೊಬ್ಬರಿ ಮಂಡಿಯ ಗೌಡರೊಬ್ಬರು ತಮಗೆ ಬಾಕಿ ಉಳಿಸಿಕೊಂಡವನನ್ನು ಮನಸಾರೆ ಫೋರ್‌ಟ್ವೆಂಟಿ ಎಂದು ಬೈಯುತ್ತಿದ್ದಾಗ ಈ ವಿಷಯ ತಿಳಿಸಿದೆ.

"ಹಂಗಾರೆ ಅವನ್ನ ಈಗ ಏನಂತ ಬೈಯ್ಯೋದು?"

"ಮುನ್ನೂರ ಹದಿನೆಂಟು, ಬ್ರಾಕೆಟ್ ನಾಲ್ಕು."

ಗೌಡರು ಅದನ್ನು ಬಾಯಲ್ಲಿ ಒಂದು ಸುತ್ತು ಹೊರಳಿಸಿ ನೋಡಿದರು. "ಬ್ಯಾಡ ಬಿಡಿ. ಬ್ರಾಕೆಟ್ ಬರೋ ಹೊತ್ತಿಗೆ ಸಿಟ್ಟು ಇಳಿದೋಯ್ತದೆ."

ಕೊಲೆಗೆ ಈಗ 103. ಸಿನಿಮಾದಲ್ಲಿ ಇನ್ಸ್‌ಪೆಕ್ಟರು ಕಣ್ಣು ಕೆಂಪು ಮಾಡಿ ಹೇಳುತ್ತಿದ್ದ 302 ಹೊಸ ಸಂಹಿತೆಯಲ್ಲಿ ಬೇಕೆಂದೇ ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂದಿದೆ. ಇವೆಲ್ಲಕ್ಕಿಂತ ನನಗೆ ರುಚಿಸಿದ್ದು ಕ್ರಿಮಿನಲ್ ಪ್ರೊಸೀಜರ್ ಕೋಡಿನ 144ರ ಕಥೆ. ಗಲಾಟೆಯಾದರೆ ಗುಂಪು ಸೇರಬೇಡಿ ಎನ್ನುವ ನಿಷೇಧಾಜ್ಞೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಖಾಲಿಯಾದ 144ರಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿಯರ ಜೀವನಾಂಶವನ್ನು ತಂದು ಕೂರಿಸಿದ್ದಾರೆ. ಬಾಯಿ ಅಭ್ಯಾಸ ಹೋಗುತ್ತದೆಯೇ? ಪಕ್ಕದ ಪಟ್ಟಣದಲ್ಲಿ ಎರಡು ಗುಂಪಿಗೆ ಜಟಾಪಟಿಯಾದ ದಿನ ಹೋಟೆಲಿನಲ್ಲಿ ಯಾರೋ "ಇಡೀ ಟೌನಿಗೆ 144 ಹಾಕವ್ರೆ" ಎಂದರು. ಮೂಲೆಯಲ್ಲಿ ತಿಂಗಳು ತಿಂಗಳು ಹೆಂಡತಿಗೆ ಜೀವನಾಂಶ ಕಟ್ಟುವ ನನ್ನ ಕಕ್ಷಿದಾರ ಕೂತಿದ್ದ. ಅವನ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹೆಂಡತಿ ಎಂದಾಗ ನೆನಪಾಯಿತು. ವಕೀಲರ ಮನೆಯಲ್ಲಿ ಹೆಂಡತಿಯೇ ಜಡ್ಜು ಎನ್ನುವ ಜೋಕುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬಾರ್ ರೂಮಿನಲ್ಲಿ ಅವನ್ನು ಹೇಳುವವರು ಸಂಜೆ ಐದೂವರೆಗೆ ಯಾರಿಗೂ ಹೇಳದೆ ಮನೆಗೆ ಓಡುತ್ತಾರೆ.

ಹೆಣ್ಣುಮಕ್ಕಳ ಪಾಲಿನ ವಿಷಯಕ್ಕೆ ಬರೋಣ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಆ ವರ್ಷ ಗೌರಿ ಹಬ್ಬ ಬಿದ್ದದ್ದು ಆಗಸ್ಟ್ 21ಕ್ಕೆ. ತೀರ್ಪಿಗೂ ಬಾಗಿನಕ್ಕೂ ನಡುವೆ ಹತ್ತೇ ದಿನ. ಕೊರೋನಾ ಕಾಲ, ಮನೆಯಿಂದ ಆಚೆ ಬರಲೇ ಹೆದರಿಕೆ. ಆದರೂ ನಮ್ಮ ಸೀಮೆಯ ಅಣ್ಣತಮ್ಮಂದಿರು ಮೂಗುಬಾಯಿಗೆ ಮಾಸ್ಕು ಕಟ್ಟಿಕೊಂಡು ಮೊರದ ಬಾಗಿನ ಹೊತ್ತು ತಂಗಿಯರ ಊರಿಗೆ ಹೊರಟರು. ವರ್ಷಗಟ್ಟಲೆ ಇನ್ನೂರು ರೂಪಾಯಿಯ ರವಿಕೆ ಕಣದಲ್ಲಿ ಮುಗಿಯುತ್ತಿದ್ದದ್ದು ಆ ವರ್ಷ ರೇಷ್ಮೆ ಸೀರೆಗೆ ಏರಿತು. ಬಾಗಿನದ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಕ್ಕು ಖುಲಾಸೆ ಪತ್ರ. "ಏನಿಲ್ಲ ಕಣಮ್ಮ, ಸುಮ್ನೆ ಒಂದು ಸೈನು. ಅರಿಶಿನ ಕುಂಕುಮಕ್ಕೆ ನಾವು ಯಾವತ್ತೂ ತಪ್ಸಲ್ಲ."

ಆ ತಂಗಿಯರಲ್ಲಿ ಒಬ್ಬಾಕೆ ಪತ್ರ ಹಿಡಿದು ನನ್ನ ಆಫೀಸಿಗೆ ಬಂದರು. ಸೀರೆಯನ್ನೂ ತಂದಿದ್ದರು. ಮೇಜಿನ ಮೇಲೆ ಅದನ್ನು ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು, ಜರಿಯನ್ನು ಉಗುರಲ್ಲಿ ಕೆರೆದು ತೋರಿಸಿದರು. "ನೋಡಿ ಸಾರ್, ಜರಿ ಅಸಲಲ್ಲ. ಅಸಲು ಜರಿ ತಂದಿದ್ರೆ ಸೈನ್ ಹಾಕ್ಬಿಡ್ತಿದ್ನೋ ಏನೋ." ಆ ದಾವೆ ಇನ್ನೂ ನಡೆಯುತ್ತಿದೆ. ಸೀರೆ ವಾಪಸಾಗಿಲ್ಲ.

ಪ್ರತಿವಾದಿಗಳ ಕಡೆಯವರೂ ಸುಮ್ಮನೆ ಕೂರುವವರಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕಾನೂನಿನಂತೆ ವಿಭಾಗವಾಗಿದ್ದರೆ ಅದನ್ನು ಕದಲಿಸುವಂತಿಲ್ಲ ಎಂಬ ಮಾತೂ ಪೇಪರಿನಲ್ಲಿ ಬಂತು. ತಗೊಳ್ಳಿ, ಅಟ್ಟದ ಮೇಲಿಂದ ಹಳೇ ಪಾಲುಪಟ್ಟಿಗಳು ಒಂದೊಂದಾಗಿ ಇಳಿಯತೊಡಗಿದವು. ಹೊಗೆ ಹಿಡಿದ ಬಣ್ಣ, ಅಂಚಿನಲ್ಲಿ ಗೆದ್ದಲು, ಮೂಸಿದರೆ ಮಾತ್ರ ಸಣ್ಣಗೆ ಟೀ ಡಿಕಾಕ್ಷನ್ನಿನ ಪರಿಮಳ. 1989ನೇ ಇಸವಿಯದೊಂದನ್ನು ಓದುತ್ತಾ ಹೋದೆ. ಚೆಕ್ಕುಬಂದಿ ಸರಿಯಾಗಿತ್ತು, ಸಾಕ್ಷಿಗಳೆಲ್ಲ ಹೇಳಿ ಮಾಡಿಸಿದಂತೆ ತೀರಿಕೊಂಡಿದ್ದರು. ಕೊನೆಯಲ್ಲಿ ಬಿಕ್ಕಲಂ ಎಂದು ಬರೆದವರ ಸಹಿ, ಸಹಿಯ ಕೆಳಗೆ ಹತ್ತಂಕಿಯ ಮೊಬೈಲ್ ನಂಬರು. ನಮ್ಮ ದೇಶಕ್ಕೆ ಮೊಬೈಲು ಬಂದದ್ದು 1995ರಲ್ಲಿ. ಆ ಪುಣ್ಯಾತ್ಮರು ಆರು ವರ್ಷ ಮೊದಲೇ ನಂಬರು ಹಿಡಿದಿಟ್ಟಿದ್ದರು.

ತೀರ್ಪು ದೊಡ್ಡದೇ, ಅನುಮಾನವಿಲ್ಲ. ಆದರೆ ಪೇಪರಿನಲ್ಲಿ ಬಂದದ್ದು ಪಹಣಿಯಲ್ಲಿ ಬರುವ ಹೊತ್ತಿಗೆ ನಡುವೆ ಎಷ್ಟು ಮೊರದ ಬಾಗಿನಗಳು ದಾಟಬೇಕು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು.

ವಕೀಲರು ಜಾಹೀರಾತು ಕೊಡಬಾರದೆಂದು ಬಾರ್ ಕೌನ್ಸಿಲಿನ ನಿಯಮ. ಬೋರ್ಡು ಕೂಡ ತಕ್ಕಮಟ್ಟಿಗಿರಬೇಕು. ಹೀಗಾಗಿ ಕಕ್ಷಿದಾರರೇ ನಮ್ಮನ್ನು ಹುಡುಕಿಕೊಳ್ಳುತ್ತಾರೆ, ಹೆಚ್ಚಾಗಿ ಮದುವೆ ಪಂಕ್ತಿಯಲ್ಲಿ. ಎಲೆಗೆ ಕೈ ಹಾಕಿದ ಮೇಲೆ ಎದ್ದು ಹೋಗುವಂತಿಲ್ಲವಲ್ಲ. ಮೊನ್ನೆ ಹಾಗೇ ಆಯಿತು. ಪಕ್ಕದಲ್ಲಿ ಕೂತವರು "ಲಾಯರ್ ಸಾಹೇಬ್ರೇ, ಒಂದ್ನಿಮಿಷ" ಎಂದು ತಮ್ಮ ಬಾಳೆಲೆಯ ಮೇಲೆಯೇ ಸರ್ವೆ ಶುರುಮಾಡಿದರು.

"ಈ ಕೋಸಂಬರಿ ನಮ್ಮ ತೋಟ. ಈ ಹುರುಳಿಕಾಯಿ ಪಲ್ಯ ನಮ್ಮ ದೊಡ್ಡಪ್ಪನ ಮಕ್ಕಳದು. ನಡುವೆ ಉಪ್ಪಿನಕಾಯಿ ಐತಲ್ಲ, ಅದೇ ಬೋರ್‌ವೆಲ್ಲು. ಪಲ್ಯದವರು ದಿನಾ ಒಂದೊಂದು ಅಡಿ ಉಪ್ಪಿನಕಾಯಿ ಕಡೆಗೆ ಬರ್ತಾವ್ರೆ."

"ದಾರಿ ಯಾವ ಕಡೆಯಿಂದ?" ನಾನೂ ಬಗ್ಗಿ ನೋಡಿದೆ. ಕಸುಬು ಬಿಡುವುದಿಲ್ಲ.

ಅವರು ಎಲೆಯ ನಡುನಾರಿನ ಉದ್ದಕ್ಕೂ ಬೆರಳೆಳೆದು ನಕಾಶೆ ಕಂಡ ಬಂಡಿದಾರಿ ತೋರಿಸುತ್ತಿದ್ದಂತೆ, ಬಡಿಸುವ ಹುಡುಗ ಹಿಂದಿನಿಂದ ಬಂದು ಅನ್ನ ಹಾಕಿ ಒಂದು ಸೌಟು ಸಾರು ಸುರಿದ. ದಾರಿ ಕೊಚ್ಚಿಹೋಯಿತು. ಪಲ್ಯ ತೇಲಿಕೊಂಡು ಬಂದು ಬೋರ್‌ವೆಲ್ಲನ್ನು ಸುತ್ತುವರಿಯಿತು. "ನೋಡಿದ್ರಾ ಸಾರ್? ಇದೇ, ಇದೇ ಆಗಿರೋದು!" ಎಂದು ಅವರು ಪಂಕ್ತಿಗೆಲ್ಲ ಕೇಳುವಂತೆ ಕೂಗಿದರು. ಇಂಜಂಕ್ಷನ್ ಅರ್ಜಿ ಹಾಕಬಹುದು ಎಂದೆ. ಫೀಸಿನ ಮಾತೆತ್ತುವಷ್ಟರಲ್ಲಿ ಪಾಯಸ ಬಂತು.

ವಾಯಿದೆಗಳ ವಿಷಯದಲ್ಲಿ ಮಾತ್ರ ಜನ ನನ್ನನ್ನು ಕೇಳುವುದನ್ನು ಬಿಟ್ಟಿದ್ದಾರೆ. ಇ-ಕೋರ್ಟ್ಸ್ ಆ್ಯಪ್ ಬಂದಮೇಲೆ ಮುಂದಿನ ತಾರೀಖು ನನಗಿಂತ ಮೊದಲು ಅವರ ಮೊಬೈಲಿಗೆ ಗೊತ್ತಿರುತ್ತದೆ. ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆರ್ಡರಿನಲ್ಲಿ ಒಬ್ಬ ಪಕ್ಷಗಾರನಿಗೆ ವಿಚಾರಣೆಯಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಎಂದಿದೆ. ತೀರಾ ಅನಿವಾರ್ಯವಾದಾಗ ಕೊಡಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಕಿಂಡಿ ಬಿಟ್ಟಿತು. ಅಂದಿನಿಂದ ನಮ್ಮ ತಾಲ್ಲೂಕಿನಲ್ಲಿ ಎಲ್ಲವೂ ಅನಿವಾರ್ಯವೇ. ಬದುವಿನ ಮೇಷ್ಟ್ರು ಈ ಕಲಮನ್ನು ಎಲ್ಲಿಂದಲೋ ಹುಡುಕಿ, ಕೆಂಪು ಇಂಕಿನಲ್ಲಿ ಗೆರೆ ಎಳೆದು ನನಗೆ ತೋರಿಸಿದರು. ಅವರ ದಾವೆಯ ಅರ್ಧ ವಾಯಿದೆಗಳನ್ನು ಅವರೇ ಮೊಮ್ಮಕ್ಕಳ ನಾಮಕರಣಕ್ಕೆ, ಯಾತ್ರೆಗೆ ಕೇಳಿದ್ದೆಂದು ನಾನು ನೆನಪಿಸಲಿಲ್ಲ. ಮೇಷ್ಟ್ರಿಗೆ ತಿರುಗಿ ಹೇಳುವ ಧೈರ್ಯ ನನಗೆ ಎಂದೂ ಬಂದಿಲ್ಲ.

ಇನ್ನು ಕೋಟು. ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ ಎಂದು ನಿಯಮವೇ ಇದೆ. ಏಪ್ರಿಲ್ ಬಿಸಿಲಿಗೆ ಅದನ್ನು ನಂಬಿ ಬರೀ ಬಿಳಿ ಅಂಗಿಯಲ್ಲಿ ಹೋದೆ. ನನ್ನದೇ ಕಕ್ಷಿದಾರ ಎದುರಿಗೆ ಬಂದು, "ನಮ್ಮ ಲಾಯರನ್ನ ಕಂಡ್ರಾ ಸ್ವಾಮಿ?" ಎಂದು ಕೇಳಿದ. ಮಾರನೆಯ ದಿನದಿಂದ ಬೆವರುತ್ತಲೇ ಹಾಕಿಕೊಳ್ಳುತ್ತಿದ್ದೇನೆ.

ಈಚೆಗೆ ಹೋಟೆಲಿನ ಬೆಂಚಿಗೂ ನನಗೂ ಒಟ್ಟಿಗೇ ಪೈಪೋಟಿ ಬಂದಿದೆ. ದಾರಿಯ ದಾವೆಯ ರೈತರೊಬ್ಬರ ಮಗ, ಬೆಂಗಳೂರಿನಲ್ಲಿ ಓದುವವನು, ತಂದೆಯ ಜೊತೆ ಬಂದು ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದ. ಅದರಲ್ಲಿ ಕೃತಕ ಬುದ್ಧಿಮತ್ತೆ ನಮ್ಮ ಕೇಸಿಗೆ ಹೊಂದುವ ಹೈಕೋರ್ಟ್ ತೀರ್ಪೊಂದನ್ನು ವಾದಿ ಪ್ರತಿವಾದಿಗಳ ಹೆಸರಿನ ಸಮೇತ, ಸಂಪುಟ ಪುಟದ ಸಮೇತ ಕೊಟ್ಟಿತ್ತು. ಇಷ್ಟು ಅಚ್ಚುಕಟ್ಟಾದ ತೀರ್ಪು ಇಷ್ಟು ವರ್ಷ ಎದುರು ವಕೀಲರ ಕಣ್ಣಿಗೂ ನನ್ನ ಕಣ್ಣಿಗೂ ಬೀಳದೆ ಎಲ್ಲಿ ಅಡಗಿತ್ತು ಎಂದು ಬೀರುವಿನಿಂದ ಆ ಸಂಪುಟ ತೆಗೆಸಿದೆ. ಆ ಪುಟದಲ್ಲಿ ಲಾರಿ ಅಪಘಾತದ ಪರಿಹಾರದ ಲೆಕ್ಕವಿತ್ತು. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಹೀಗೇ ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಹಾಕಿಸಿಕೊಂಡ ಕಥೆಯನ್ನು ಹುಡುಗನಿಗೆ ಹೇಳಿದೆ. ಅವನು ಕುಗ್ಗಲಿಲ್ಲ.

"ಅದು ಹಳೇ ವರ್ಷನ್ ಸಾರ್."

"ನನ್ನ ಫೀಸಿನ ವಿಷಯಕ್ಕೆ ಏನನ್ನುತ್ತಪ್ಪ ನಿನ್ನ ಹೊಸ ವರ್ಷನ್ನು?"

"ಕೇಳ್ದೆ ಸಾರ್. ಸ್ವಲ್ಪ ಜಾಸ್ತಿ ಅಂತು."

"ಸರಿ ಹಾಗಾದ್ರೆ. ವಾಯಿದೆ ದಿನ ಅದನ್ನೇ ಕರ್ಕೊಂಡೋಗಿ ನಿಲ್ಸು."

ಹುಡುಗ ತಲೆ ಕೆರೆದುಕೊಂಡ. ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ತಂದೆ ಬಾಯಿ ಖಾಲಿ ಮಾಡಿಕೊಂಡು ಬಂದು ಹೇಳಿದರು:

"ಅದಕ್ಕೆ ಕೋಟು ಇಲ್ವಲ್ಲ ಸ್ವಾಮಿ."