ಉಲ್ಕಾಮುಖಿ ಘಟಿಕಾಯಂತ್ರ ಮೀಮಾಂಸೆ: ಐನಾಪುರದ ಪರಿಪ್ರೇಕ್ಷ್ಯದಲ್ಲಿ ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ, ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಕಾಲವೆಂಬ ಬಹುಮುಖಿ ಪರಿಕಲ್ಪನೆಯನ್ನು ಉಲ್ಕಾಲೋಹದ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸಿ, ಆ ಮುಖಾಮುಖಿಯನ್ನು ವಸಾಹತೋತ್ತರ ಸಂಕಥನದ ಬೆಳಕಿನಲ್ಲಿ ಪುನರ್‌ಸಮಸ್ಯೀಕರಿಸುವುದು ಪ್ರಸ್ತುತ ಸಂಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಅಧ್ಯಯನದ ವ್ಯಾಪ್ತಿ: ಮೇಲೆ ಮಂಗಳ, ಗುರುಗಳ ನಡುವಿನ ಕ್ಷುದ್ರಗ್ರಹ ಪಟ್ಟಿ; ಕೆಳಗೆ ಬೆಳಗಾವಿ ಜಿಲ್ಲೆ, ಕಾಗವಾಡ ತಾಲ್ಲೂಕಿನ ಐನಾಪುರ ಪಟ್ಟಣ ಪಂಚಾಯಿತಿ. ಮಿತಿ: ಸಂಶೋಧಕನ ಕಿಸೆ. ಪ್ರಾಥಮಿಕ ಆಕರವಾದ ರೋಲೆಕ್ಸ್ ಡೇಟೋನಾ ವಾಚು, ಬಿಳಿ ಬಂಗಾರದ್ದು, ಉಲ್ಕೆಯ ಡಯಲಿನದು, ಕ್ಷೇತ್ರಕಾರ್ಯದ ಅವಧಿಯಲ್ಲಿ ಯಾರ ಕೈಮೇಲೂ ಕಂಡುಬರಲಿಲ್ಲವಾಗಿ ಕಂಪನಿಗಳ ಮಿರಿಮಿರಿ ಮಿಂಚುವ ಪುಸ್ತಿಕೆಗಳನ್ನೇ ಆಧರಿಸಲಾಗಿದೆ. ಓದುಗರಿಗೆ ಅರ್ಥವಾದ ವಾಕ್ಯಗಳಿದ್ದಲ್ಲಿ ಅವು ಮುದ್ರಣದೋಷಗಳೆಂದು ತಿಳಿಯತಕ್ಕದ್ದು.

2. ಪೂರ್ವಾಧ್ಯಯನಗಳ ಸಮೀಕ್ಷೆ

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳುವಂತೆ, ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ಮುಗಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳು. ಅಂದಮೇಲೆ ಗಿರಾಕಿಯ ಮುಂಗೈ ಮೇಲೆ ಕೂತಿರುವುದು ಬರೀ ಲೋಹವಲ್ಲ, ಪುಣ್ಯದ ಖಾತೆ ಖಾಲಿಯಾಗಿ ಹೊರಬಿದ್ದ ಯಾರೋ ಒಬ್ಬ ಸ್ವರ್ಗವಾಸಿ. ಸ್ವಿಸ್ ಕಂಪನಿಗಳು ಈ ಮಹತ್ವದ ಹೊಳಹನ್ನು ಜಾಹೀರಾತಿಗೆ ಬಳಸದೇ ಬಿಟ್ಟಿರುವುದು ಅವುಗಳ ಸೈದ್ಧಾಂತಿಕ ಬಡತನವನ್ನು ತೋರಿಸುತ್ತದೆ.

ಸದರಿ ಆಚಾರ್ಯರು ಉಲ್ಕೆಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸಿದ್ದಾರೆ. ಪ್ರಸ್ತುತ ಸಂಶೋಧಕನೂ ಇದೇ ಪಂಚವಿಧ ಚೌಕಟ್ಟನ್ನು ಅಳವಡಿಸಿಕೊಂಡು, ಪ್ರತಿಯೊಂದನ್ನೂ ಐದು ಉಪವರ್ಗಗಳಾಗಿ, ಅವನ್ನು ಮತ್ತೆ ಐದಾಗಿ ಒಡೆದು ಒಟ್ಟು 125 ಬಗೆಗಳನ್ನು ಮುಂದಿನ ಪುಟಗಳಲ್ಲಿ ಚರ್ಚಿಸಲಿದ್ದಾನೆ.

3. ವರ್ಗೀಕರಣ

3.1 ಅಶನಿ. ಭಾರೀ ಸದ್ದಿನೊಡನೆ ಚಕ್ರದಂತೆ ತಿರುಗುತ್ತ ನೆಲ ಸೀಳಿಕೊಂಡು ಬೀಳುವಂಥದು. ಉದಾಹರಣೆ: 1621ರಲ್ಲಿ ಜಲಂಧರ ಪರಗಣೆಯಲ್ಲಿ ಬಿದ್ದ ಕಬ್ಬಿಣದ ಉಂಡೆ. ಪರಗಣೆಯ ಅಧಿಕಾರಿ ಅದನ್ನು ಅಗೆಸಿ ಕಳಿಸಿದ, ಬಾದಶಹ ಜಹಾಂಗೀರ ತೂಗಿಸಿದ. 160 ತೊಲ ಆಯಿತು. ಉಸ್ತಾದ ದಾವೂದನಿಗೆ ಕೊಟ್ಟರೆ ಅದು ಸುತ್ತಿಗೆಯ ಪೆಟ್ಟಿಗೆ ಪುಡಿಯಾಗತೊಡಗಿತು. ಕೊನೆಗೆ ಮೂರು ಪಾಲು ಆಕಾಶದ ಕಬ್ಬಿಣಕ್ಕೆ ಒಂದು ಪಾಲು ಸಾದಾ ಕಬ್ಬಿಣ ಬೆರೆಸಿ ಎರಡು ಖಡ್ಗ, ಒಂದು ಕಠಾರಿ, ಒಂದು ಚೂರಿ ಮಾಡಿದರು. ಇಷ್ಟೆಲ್ಲವನ್ನೂ ಬಾದಶಹನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂದರೆ ಸಿರಿವಂತರ ಉಲ್ಕೆಯ ಹುಚ್ಚು ಹೊಸದಲ್ಲ. ಕನಿಷ್ಠಪಕ್ಷ ಜಹಾಂಗೀರ ಬೆರಕೆಯ ಪ್ರಮಾಣವನ್ನು ಮುಚ್ಚಿಡಲಿಲ್ಲ.

3.2 ಉಲ್ಕಾ. ಇದರಡಿ ನಮೀಬಿಯಾದ ಗಿಬಿಯಾನ್ ಉಲ್ಕೆ ಬರುತ್ತದೆ. ವಾಚಿನವರಿಗೆ ಇದು ಅಚ್ಚುಮೆಚ್ಚು. ಅಲ್ಲಿನ ನಾಮಾ ಜನ ಇದರ ಚೂರುಗಳಿಂದ ಈಟಿಯ ಮೊನೆ, ಕೈಹತಾರು ಮಾಡಿಕೊಳ್ಳುತ್ತಿದ್ದರು. 1836ರ ಹೊತ್ತಿಗೆ ಒಬ್ಬ ಬ್ರಿಟಿಷ್ ಕ್ಯಾಪ್ಟನ್ ಬಂದು ಅದರ ಚೂರುಗಳನ್ನು ಒಯ್ದ ಮೇಲೆ ಅದು "ಪತ್ತೆ"ಯಾಯಿತು. ಉಲ್ಕಾಕಬ್ಬಿಣದ ಒಳಗಿನ ಗೆರೆವಿನ್ಯಾಸಕ್ಕೆ 1808ರಲ್ಲಿ ಅದನ್ನು ಕಂಡ ವಿಯೆನ್ನಾದ ವಿಡ್‌ಮನ್‌ಸ್ಟಾಟನ್ ಎಂಬಾತನ ಹೆಸರೇ ನಿಂತಿದೆ. ಕಬ್ಬಿಣ, ನಿಕಲ್ ಕೂಡಿದ ಲೋಹ ಲಕ್ಷಗಟ್ಟಲೆ ವರ್ಷ ಮೆಲ್ಲಗೆ ತಣಿದರೆ ಮಾತ್ರ ಎರಡು ಬಗೆಯ ಹರಳುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಯಾವ ಕುಲುಮೆಯಲ್ಲೂ ಇದನ್ನು ಮಾಡಲಾಗದು. ಇದು ನಿಜ, ಇದು ಚೆಂದ. ಇದರಲ್ಲಿ ಅಣಕಿಸುವಂಥದೇನೂ ಇಲ್ಲ.

ಅಣಕ ಶುರುವಾಗುವುದು ಆಮೇಲೆ. ಉಲ್ಕೆಯನ್ನು ತೆಳ್ಳಗೆ ಹೋಳು ಮಾಡಿ, ಉಜ್ಜಿ, ಆಮ್ಲದಲ್ಲಿ ಅದ್ದುತ್ತಾರೆ. ನಿಕಲ್ ಕಡಿಮೆಯಿದ್ದ ಭಾಗ ಬೇಗ ಸವೆದು ಗೆರೆಗಳು ಮೇಲೇಳುತ್ತವೆ. ಬಹಳಷ್ಟು ಹೋಳು ಕೊರೆಯುವಾಗಲೇ ಬಿರುಕು ಬಿಟ್ಟು ಕಸಕ್ಕೆ ಹೋಗುತ್ತವೆ. ಉಳಿದದ್ದಕ್ಕೆ ತುಕ್ಕು ಹಿಡಿಯದಂತೆ ರೋಡಿಯಂನಂಥದೊಂದು ಪದರ ಬಳಿಯಬೇಕು. 450 ಕೋಟಿ ವರ್ಷದ ವಸ್ತು ನಮ್ಮೂರಿನ ಒಂದು ಮಳೆಗಾಲ ತಾಳುವುದಿಲ್ಲ. ಅದಕ್ಕೆ ಪುಸ್ತಿಕೆಯವರ ಮಾತು ನೋಡಿ: ಅನಂತತೆಯನ್ನು ಧರಿಸಿರಿ, ವಿಶ್ವದ ಸ್ಪಂದನವನ್ನು ನಿಮ್ಮ ನಾಡಿಯೊಡನೆ ಬೆಸೆಯಿರಿ, ನಿಮ್ಮಂಥದು ಮತ್ತೊಂದಿಲ್ಲ. ಮತ್ತೊಂದಿಲ್ಲ ಎಂಬುದೊಂದು ಖರೆ. ಸೀಳಿದ ಗರಗಸಕ್ಕೂ ಹಾಗೇ ಅನ್ನಿಸಿರಬೇಕು.

3.3 ಕನ್ನಡ ನಾಡಿನ ಉಲ್ಕಾ ಪರಂಪರೆ (ಆಚಾರ್ಯರು ಹೇಳದ ಆರನೆಯ ವರ್ಗ). 1865ರಲ್ಲಿ ಮದ್ದೂರಿನಲ್ಲೊಂದು, 1866ರಲ್ಲಿ ಉಡುಪಿಯಲ್ಲೊಂದು ಉಲ್ಕೆ ಬಿದ್ದದ್ದು ದಾಖಲಾಗಿದೆ. ಎರಡೂ ಕಲ್ಲಿನವು. ಕಲ್ಲುಲ್ಕೆಯಲ್ಲಿ ಆ ಗೆರೆಹೆಣಿಗೆ ಮೂಡುವುದಿಲ್ಲವಾಗಿ ನಮ್ಮವು ಜಿನೀವಾ ತಲುಪದೇ ಉಳಿದವು. ಈ ಕೊರತೆ ನೀಗಲೆಂಬಂತೆ ಬೆಂಗಳೂರು ವಾಚ್ ಕಂಪನಿ ತನ್ನ ಅಪೋಜಿ ಸರಣಿಗೆ ಸ್ವೀಡನ್ನಿನ ಮುಯೋನಿಯೊನಲುಸ್ತ ಉಲ್ಕೆಯನ್ನು ಡಯಲಾಗಿಸಿದೆ.

ಬೆಂಗಳೂರು ಎಂದೊಡನೆ ಎಚ್‌ಎಂಟಿ ನೆನಪಾಗದವರು ನಮ್ಮ ಕಡೆ ಕಡಿಮೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೂಡಿ ಶುರುವಾದ ಕಾರ್ಖಾನೆ. ಮದುವೆಯಲ್ಲಿ ಮಾವನ ಮನೆಯಿಂದ ಬಂದ ಜನತಾ ವಾಚಿಗೆ ದಿನಾ ಮುಂಜಾನೆ ಕೀಲಿ ಕೊಟ್ಟು, ಕಿವಿಗೆ ಹಿಡಿದು ನೋಡಿ, ಆಮೇಲೆ ಹೊಲಕ್ಕೆ ಹೋಗುವವರಿದ್ದರು. 2016ರಲ್ಲಿ ಎಚ್‌ಎಂಟಿಯ ವಾಚಿನ ಕಂಪನಿ ಮುಚ್ಚಿಸಿದರು. ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ವಾಚು ಮಾಡುತ್ತಿದ್ದ ನೆಲಕ್ಕೆ ಆಕಾಶದವರು ಬಂದರು, ಆಕಾಶದಿಂದ ಬಿದ್ದದ್ದು ವಾಚಾಯಿತು. ಇದಕ್ಕಿಂತ ದೊಡ್ಡ ಅನುಸಂಧಾನ ಸಂಶೋಧಕನಿಂದ ಸಾಧ್ಯವಿಲ್ಲ.

3.4 ವಿದ್ಯುತ್. ಐನಾಪುರದಲ್ಲಿ ಈ ವರ್ಗದ ಬಗ್ಗೆ ಕೇಳಲು ಹೋಗಬಾರದಿತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ರಾತ್ರಿ ಪಾಳಿಯಲ್ಲಿ ಬರುವ ವಾರ ಅದು. ಮಧ್ಯರಾತ್ರಿ ಬ್ಯಾಟರಿ ಹಿಡಿದು, ಹಾವು ಹುಳ ನೋಡಿಕೊಳ್ಳುತ್ತ ಕಬ್ಬಿಗೆ ನೀರು ಹಾಯಿಸಿ ಬಂದ ಒಬ್ಬ ಕಾಕಾನಿಗೆ ಮೊಬೈಲಿನಲ್ಲಿ ಡಯಲಿನ ಫೋಟೋ ತೋರಿಸಿದೆ.

"ಹಳೇ ಪತ್ರಾದ ಮ್ಯಾಲ ಗೀಚಿದಂಗ ಐತಲ್ಲೋ ತಮ್ಮಾ. ಎಷ್ಟಕ್ಕಂತ?"

ಹೇಳಿದೆ.

"ಟೈಮ್ ನಮ್ಮದ ತೋರಸತೈತೋ, ಬ್ಯಾರೇದೋ?"

ಧಿಷ್ಣ್ಯಾ ಮತ್ತು ತಾರಾ ಉಳಿದವು. ಉಳಿಯಲಿ. ಉಪವರ್ಗಗಳೂ ಇರಲಿ.

4. ಫಲವಿಚಾರ

ಉಲ್ಕೆ ಒಂದು ಪಕ್ಷದೊಳಗೆ ಫಲ ಕೊಡುತ್ತದೆ ಎನ್ನುತ್ತಾನೆ ವರಾಹಮಿಹಿರ. ಪಕ್ಷವೆಂದರೆ ಹದಿನೈದು ದಿನ. 1966ರ ಕಬ್ಬು ನಿಯಂತ್ರಣ ಆದೇಶ ಅವನಿಗಿಂತ ಒಂದು ದಿನ ಮುಂದೆ: ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಬಿಲ್ಲು ಪಾವತಿಯಾಗಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಆರನೆಯ ಶತಮಾನದ ಶಕುನಶಾಸ್ತ್ರವನ್ನು ನಂಬುವವರು ಇವತ್ತಿಗೂ ಸಿಗುತ್ತಾರೆ. ಈ ಆದೇಶವನ್ನು ನಂಬಿದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಕಾಲದ ಮೀಮಾಂಸೆ ಬೇಕಿದ್ದವರು ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ನಿಲ್ಲಲಿ. ಟ್ರ್ಯಾಕ್ಟರುಗಳ ಸಾಲು ರಸ್ತೆವರೆಗೆ ಬಂದಿರುತ್ತದೆ. ಟ್ರೇಲರಿನ ನೆರಳಲ್ಲಿ ಡ್ರೈವರ್ ಅಂಗಾತ ಮಲಗಿರುತ್ತಾನೆ. ಕಡಿದ ಕಬ್ಬಿನ ತುದಿ ಮೊದಲ ದಿನ ಬೆಳ್ಳಗೆ, ಆಮೇಲೆ ಕೆಂಪಗೆ, ಹುಳಿ ವಾಸನೆ. ಬಿಸಿಲಿಗೆ ನಿಂತ ಪ್ರತಿ ತಾಸಿಗೂ ತೂಕ ಇಳಿಯುತ್ತದೆ, ಇಳಿದ ತೂಕ ರೈತನ ಲೆಕ್ಕಕ್ಕೆ. ಉಲ್ಕೆಗೆ ವಯಸ್ಸಾದಷ್ಟೂ ಬೆಲೆ. ಇಲ್ಲಿ ಒಂದು ದಿನ ತಡವಾದರೂ ನಮ್ಮದೇ ನಷ್ಟ. ಅನಂತತೆಯನ್ನು ಧರಿಸಿರಿ ಎಂದು ಬರೆದ ಪುಣ್ಯಾತ್ಮನನ್ನು ಆ ಸಾಲಿನಲ್ಲಿ ಒಂದು ರಾತ್ರಿ ನಿಲ್ಲಿಸಬೇಕು.

2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ರಸ್ತೆಯ ಮೇಲೆ ಕುಂತರು. ಸರ್ಕಾರ 3300 ಎಂದಿತು. ಆ ದರದಲ್ಲಿ ಒಂದು ಡೇಟೋನಾಕ್ಕೆ ಎಷ್ಟು ಟನ್ ಎಂದು ಲೆಕ್ಕ ಹಾಕಲು ಕೂತು, ಅರ್ಧಕ್ಕೆ ಬಿಟ್ಟೆ. ಯಾರೋ ಆ ವಾಚು ಕೊಳ್ಳುತ್ತಾರೆಂದು ನನಗೆ ಸಿಟ್ಟಿಲ್ಲ. ದುಡ್ಡು ಅವರದು, ಕೈ ಅವರದು. ಸಿಟ್ಟು ಇರುವುದು, ಕಾಲದ ಬಗ್ಗೆ ಇಷ್ಟು ಗಂಭೀರವಾಗಿ ಬರೆಯಬಲ್ಲ ನಾಡಿನಲ್ಲಿ 14 ದಿನ ಎಂಬುದನ್ನು ಯಾರೂ ಗಂಭೀರವಾಗಿ ಎಣಿಸುವುದಿಲ್ಲ ಎಂಬುದಕ್ಕೆ.

5. ಶಿಫಾರಸುಗಳು

ಕಬ್ಬಿನ ಬಿಲ್ಲು ತಡವಾದ ದಿನಗಳಿಗೆ ಬಡ್ಡಿ ಕೇಳಿ ಅರ್ಜಿ ಹಾಕೋಣವೇ ಎಂದು ಕಾಕಾನನ್ನು ವಿಚಾರಿಸಿದೆ. ಕಾನೂನು ನಮ್ಮ ಕಡೆ ಇದೆ, ನಾನೇ ಬರೆದುಕೊಡುತ್ತೇನೆ ಎಂದೆ.

"ಬರೀತಿ ಖರೆ. ಬಡ್ಡಿ ಕೇಳಿದಾವನ ಹೊಲಕ್ಕ ಮುಂದಿನ ವರ್ಷ ಕಡಿಯಾಕ ಟೋಳಿ ಯಾರ್ ಕಳಸ್ತಾರು, ನೀ ಕಳಸ್ತಿ?"